ಮೊದಲು ಲೆಕ್ಕ ತೋರ್ಸಿ, ಆಮೇಲೆ ಬಾಯಿ ಮಾಡಿ

ಸೋಮವಾರ ಬೆಳಗ್ಗೆ ಹತ್ತೂವರೆಗೆ ಮಂಡಿಪೇಟೆ ಹೇಗಿರುತ್ತೆ ಅಂತ ದಾವಣಗೆರೆಯವರಿಗೆ ಹೇಳಬೇಕಾಗಿಲ್ಲ. ಲಾರಿ, ತಳ್ಳುಗಾಡಿ, ಹಮಾಲರ ಕೂಗು. ಇಂಥ ಹೊತ್ತಿನಲ್ಲೇ ಕಿರಾಣಿ ಅಂಗಡಿಯೊಂದರ ಮುಂದೆ ಇಬ್ಬರು ಹುಡುಗರು ಬೈಕ್ ನಿಲ್ಲಿಸಿದರು. ಅಂಗಡಿ ತುಂಬ ಗಿರಾಕಿಗಳು. ಎಲ್ಲರಿಗೂ ಕೇಳುವ ಹಾಗೆ ಒಬ್ಬ ಶುರು ಮಾಡಿದ: ‘ಏನ್ ಯಜಮಾನ್ರೇ, ಕಂಪನಿ ದುಡ್ಡಲ್ಲಿ ವ್ಯಾಪಾರಾನಾ? ನಲವತ್ತೊಂದು ಸಾವಿರ ಯಾವಾಗ ಕಟ್ತೀರಿ?’

ಯಜಮಾನರ ಮುಖ ಸಣ್ಣಗಾಯಿತು. ಫ್ರಿಜ್ ತರಲು ಫೈನಾನ್ಸ್ ಕಂಪನಿಯೊಂದರಿಂದ ಸಾಲ ತೆಗೆದದ್ದು ನಿಜ. ಹೆಂಡತಿಗೆ ಆಪರೇಷನ್ ಆದಾಗ ಕೆಲವು ಕಂತು ನಿಂತದ್ದೂ ನಿಜ. ಆದರೆ ನಲವತ್ತೊಂದು ಸಾವಿರ ಎಲ್ಲಿಂದ ಬಂತು?

‘ಅದೆಲ್ಲ ಆಮೇಲೆ. ಈಗ ಐನೂರು ಹಾಕಿ, ಈ ಕಾಗದಕ್ಕೆ ಒಂದು ಸಹಿ ಮಾಡಿ, ಹೋಗ್ತೀವಿ’ ಅಂದ ಹುಡುಗ. ಮರ್ಯಾದೆಗೆ ಅಂಜಿದ ಯಜಮಾನರು ಪೆನ್ನು ತೆಗೆದೇಬಿಟ್ಟರು. ಟೀ ಪುಡಿಗೆ ಅಂತ ನಿಂತಿದ್ದ ನಾನು ‘ತಡೀರಿ ಸ್ವಾಮಿ’ ಅಂದೆ. ‘ನೀವು ಯಾರ ಕಡೆಯವರಪ್ಪಾ? ಅಧಿಕಾರ ಪತ್ರ ಎಲ್ಲಿ? ಲೆಕ್ಕ ಎಲ್ಲಿ?’ ಎಂದು ಕೇಳಿದರೆ, ‘ನಮಗೆ ಲಿಸ್ಟ್ ಕೊಟ್ಟಿದ್ದಾರೆ ಸಾರ್, ಅಷ್ಟೇ ಗೊತ್ತು’ ಎಂಬ ಉತ್ತರ. ಬೈಕು ಬಂದ ದಾರಿ ಹಿಡಿಯಿತು.

ಲಿಸ್ಟೇ ಪುರಾವೆಯೇ?

ಓದುಗರೇ, ಸಾಲ ಮಾಡುವುದು ಅಪರಾಧವಲ್ಲ. ಮಾಡಿದ ಸಾಲ ತೀರಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾರಿಗೆ, ಎಷ್ಟು, ಯಾವ ಕಾಗದದ ಮೇಲೆ ಎಂದು ಕೇಳುವ ಹಕ್ಕು ಸಾಲಗಾರನಿಗೆ ಇದ್ದೇ ಇದೆ. ಅಂಗಡಿಗೆ ಬಂದ ಮಾಲಿಗೆ ಬಿಲ್ ನೋಡದೆ ದುಡ್ಡು ಕೊಡದ ನಾವು, ವಸೂಲಿಯವನ ಬಾಯಿಮಾತಿಗೆ ಮಾತ್ರ ಗಲ್ಲಾಪೆಟ್ಟಿಗೆ ತೆಗೆಯುತ್ತೇವೆ!

ಅಮೆರಿಕದಲ್ಲಿ 1977ರಲ್ಲೇ ಇದಕ್ಕೊಂದು ಕಾನೂನು ಬಂತು. ವಸೂಲಿ ಏಜೆನ್ಸಿಯ ನೋಟೀಸು ತಲುಪಿದ 30 ದಿನದೊಳಗೆ ಸಾಲಗಾರ ಬರಹದಲ್ಲಿ ತಕರಾರು ಹಾಕಿದರೆ, ಸಾಲದ ಪುರಾವೆ ಕಳಿಸುವ ತನಕ ಏಜೆನ್ಸಿ ವಸೂಲಿ ನಿಲ್ಲಿಸಬೇಕು. ನಮ್ಮಲ್ಲಿ ಅದೇ ಅಚ್ಚಿನ ಕಾಯ್ದೆ ಇಲ್ಲ. ಹಾಗಂತ ನಾವು ಬರಿಗೈಯವರೂ ಅಲ್ಲ.

ವಸೂಲಿಗೆ ಕೊಡುವಾಗ ಏಜೆನ್ಸಿ ಯಾವುದೆಂದು ಸಾಲಗಾರನಿಗೆ ತಿಳಿಸಬೇಕು, ಏಜೆಂಟನ ಬಳಿ ಅಧಿಕಾರ ಪತ್ರ ಮತ್ತು ಗುರುತಿನ ಚೀಟಿ ಇರಬೇಕು, ಸಾಲಗಾರ ದೂರು ಕೊಟ್ಟಿದ್ದರೆ ಅದು ಇತ್ಯರ್ಥವಾಗುವ ತನಕ ಏಜೆನ್ಸಿಗೆ ವಹಿಸಬಾರದು ಎಂದು ರಿಸರ್ವ್ ಬ್ಯಾಂಕು 2008ರಲ್ಲೇ ಬ್ಯಾಂಕುಗಳಿಗೆ ಹೇಳಿತು. ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡಿ ಕಾಡಬಾರದು ಎಂದು 2022ರ ಆಗಸ್ಟ್‌ನಲ್ಲಿ ಫೈನಾನ್ಸ್ ಕಂಪನಿಗಳಿಗೂ ಸೇರಿಸಿ ಹೇಳಿತು. ದಂಡದ ಮೇಲೆ ಮತ್ತೆ ಬಡ್ಡಿ ಹಾಕಬಾರದು ಎಂದದ್ದು 2023ರಲ್ಲಿ. ಕಿರು ಸಾಲ, ಸಣ್ಣ ಸಾಲದ ವಸೂಲಿ ದಬ್ಬಾಳಿಕೆ ತಡೆಯಲು 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ತಂದ ಸುಗ್ರೀವಾಜ್ಞೆಯಲ್ಲಿ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಎಂದಿತ್ತು.

ಒಂದು ಸಹಿಯ ಬೆಲೆ

ಆ ಹುಡುಗ ಸಹಿಗೆ ಯಾಕೆ ಅಷ್ಟು ಅವಸರ ಮಾಡಿದ? ಇಲ್ಲೇ ಇರುವುದು ಗುಟ್ಟು. ಅಡಮಾನವಿಲ್ಲದ ಸಾಲದ ಬಗ್ಗೆ ಕೋರ್ಟಿಗೆ ಹೋಗಲು 1963ರ ಕಾಲಮಿತಿ ಕಾಯ್ದೆಯಲ್ಲಿ ಸಾಮಾನ್ಯವಾಗಿ ಮೂರು ವರ್ಷದ ಗಡುವು. ಗಡುವಿನೊಳಗೆ ನೀವು ಸಾಲ ಒಪ್ಪಿ ಸಹಿ ಹಾಕಿದರೆ ಅಂದಿನಿಂದ ಮತ್ತೆ ಮೂರು ವರ್ಷ ಶುರು. ಗಡುವು ಮುಗಿದ ಮೇಲೂ ‘ಕೊಡುತ್ತೇನೆ’ ಎಂದು ಬರೆದು ಸಹಿ ಮಾಡಿದಿರೋ, 1872ರ ಕರಾರು ಕಾಯ್ದೆ ಪ್ರಕಾರ ಅದೇ ಹೊಸ ಕರಾರು. ಜೊತೆಗೆ, ಕಾಗದದಲ್ಲಿ 41 ಸಾವಿರ ಎಂದಿದ್ದರೆ ನೀವು ಒಪ್ಪಿದ್ದೂ 41 ಸಾವಿರವೇ! ಆದ್ದರಿಂದ ಓದದೆ, ಲೆಕ್ಕ ನೋಡದೆ ಸಹಿ ಬೇಡ.

ಪತ್ರ ಬರೆಯೋದು ಹೀಗೆ

ವಕೀಲರೇ ಬೇಕೆಂದಿಲ್ಲ. ಬಿಳಿ ಹಾಳೆ ಸಾಕು, ಕನ್ನಡದಲ್ಲೇ ಬರೆಯಿರಿ. ಸಾಲ ಕೊಟ್ಟ ಮೂಲ ಕಂಪನಿಗೆ ಒಂದು, ಏಜೆನ್ಸಿಗೆ ಒಂದು. ಕೇಳಬೇಕಾದ್ದು ಇಷ್ಟು: ಸಾಲದ ಕರಾರಿನ ನಕಲು ಕೊಡಿ. ಮೊದಲ ದಿನದಿಂದ ಇವತ್ತಿನವರೆಗೆ ಕಟ್ಟಿದ್ದೆಷ್ಟು, ಅಸಲೆಷ್ಟು, ಬಡ್ಡಿಯೆಷ್ಟು, ದಂಡವೆಷ್ಟು ಬಿಡಿಸಿ ಬರೆದ ಲೆಕ್ಕ ಕೊಡಿ. ಏಜೆನ್ಸಿಗೆ ಕೊಟ್ಟ ಅಧಿಕಾರ ಪತ್ರ ತೋರಿಸಿ. ಸಾಲವನ್ನೇ ಬೇರೆ ಕಂಪನಿಗೆ ಮಾರಿದ್ದರೆ ಆ ವರ್ಗಾವಣೆಯ ಪತ್ರ ಕೊಡಿ. ಕೊನೆಗೊಂದು ಸಾಲು ಮರೆಯಬೇಡಿ: ‘ಈ ಪತ್ರವನ್ನು ಸಾಲ ಒಪ್ಪಿದ್ದೆಂದು ತಿಳಿಯಬಾರದು.’

ನಕಲು ಇಟ್ಟುಕೊಂಡು ಅಂಚೆಗೆ ಹಾಕಿ. ಹಳೇ ರಿಜಿಸ್ಟರ್ಡ್ ಪೋಸ್ಟು 2025ರ ಸೆಪ್ಟೆಂಬರ್ 1ರಿಂದ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ. ಅದರಲ್ಲೇ ಕಳಿಸಿ, ತಲುಪಿದ ಪುರಾವೆ ಕೇಳಿ ಪಡೆಯಿರಿ. 30 ದಿನ ಕಾದರೂ ಮೂಲ ಕಂಪನಿಯಿಂದ ಉತ್ತರವಿಲ್ಲವೋ, ಬ್ಯಾಂಕು ಮತ್ತು ದೊಡ್ಡ ಫೈನಾನ್ಸ್ ಕಂಪನಿಗಳ ಮೇಲೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಶುಲ್ಕವಿಲ್ಲ.

ಇನ್ನೊಂದು ಮಾತು. ನಿಮ್ಮ ಹೆಸರಲ್ಲಿ ಯಾವ ಯಾವ ಸಾಲ ಇದೆ ಎಂದು ತೋರಿಸುವ ಕ್ರೆಡಿಟ್ ವರದಿಯನ್ನು ಸಿಬಿಲ್ ಮುಂತಾದ ಕಂಪನಿಗಳು ವರ್ಷಕ್ಕೊಮ್ಮೆ ಪುಕ್ಕಟೆ ಕೊಡಬೇಕು. ಅದರಲ್ಲಿ ತಪ್ಪಿದ್ದರೆ ತಿಳಿಸಿ. 30 ದಿನದೊಳಗೆ ಸರಿಮಾಡದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಎಂಬ ನಿಯಮ 2024ರ ಏಪ್ರಿಲ್‌ನಿಂದ ಬಂದಿದೆ.

ಕೊನೆಗೆ ಆದದ್ದು

ಮಂಡಿಪೇಟೆ ಯಜಮಾನರು ಅವತ್ತೇ ರಾತ್ರಿ ಬಾಗಿಲು ಹಾಕಿ ಪತ್ರ ಬರೆದರು. ಇಪ್ಪತ್ತೆರಡನೇ ದಿನಕ್ಕೆ ಲೆಕ್ಕ ಬಂತು. ಬಿಸ್ಕತ್ತಿನ ಡಬ್ಬಿಯಲ್ಲಿದ್ದ ಹಳೇ ರಸೀದಿ ಹರಡಿಕೊಂಡು ಕೂತೆವು. ನಗದಾಗಿ ಕಟ್ಟಿದ 2,150 ರೂಪಾಯಿಯ ಆರು ಕಂತು ಲೆಕ್ಕದಲ್ಲೇ ಇಲ್ಲ. ಅಲ್ಲಿಗೆ 12,900. ದಂಡ, ದಂಡದ ಮೇಲಿನ ಬಡ್ಡಿ ಅಂತ ಇನ್ನೊಂದು 13,600. ರಸೀದಿಯ ಜೆರಾಕ್ಸ್ ಇಟ್ಟು ಎರಡನೇ ಪತ್ರ ಹೋಯಿತು. ಕಂಪನಿ ಎರಡನ್ನೂ ತೆಗೆಯಿತು. ಉಳಿದದ್ದು 14,500.

ಅದನ್ನು ಯಜಮಾನರು ಮೂರು ಕಂತಿನಲ್ಲಿ ಬ್ಯಾಂಕಿನ ಮೂಲಕವೇ ಕಟ್ಟಿ, ಬಾಕಿಯಿಲ್ಲ ಎಂಬ ಪತ್ರ ತರಿಸಿಕೊಂಡರು. ‘ದುಡ್ಡು ಉಳೀತಲ್ಲ’ ಅಂದೆ. ‘ದುಡ್ಡು ಬಿಡಿ, ಗಿರಾಕಿಗಳ ಮುಂದೆ ತಲೆ ತಗ್ಗಿಸಿದ್ದೆ. ಅದು ಎತ್ತೋ ಹಾಗಾಯ್ತು’ ಅಂದರು.

ಬಾಕಿಯಿಲ್ಲ ಎಂಬ ಆ ಪತ್ರ ಈಗ ಗಲ್ಲಾಪೆಟ್ಟಿಗೆಯ ಮೇಲೆ, ದೇವರ ಪಟದ ಪಕ್ಕದಲ್ಲಿದೆ. ನಿಮ್ಮ ಮನೆಯಲ್ಲೂ ಹಳೇ ರಸೀದಿಗಳಿದ್ದರೆ ರದ್ದಿಗೆ ಹಾಕಬೇಡಿ.