ಉಕ್ಕಿನೊಳಗಣ ಭೂಪಟ

ನಾಗರಹೊಳೆಯ ಕಾಡಿನಂಚಿನ ನಮ್ಮ ವೀರನಹೊಸಹಳ್ಳಿಯ ಕಡೆ, ಲಾರಿಯ ಮುರಿದ ಸ್ಪ್ರಿಂಗ್ ಪಟ್ಟಿಯನ್ನು ಕಾಯಿಸಿ ಬಡಿದು ಮಚ್ಚು ಮಾಡುತ್ತಿದ್ದ ಕಮ್ಮಾರನೊಬ್ಬನು, ಕೈಗೆ ಬಂದ ಕಬ್ಬಿಣ ಎಂಥದೆಂದರಿಯಲು ಅದನ್ನು ಮೊದಲು ಸಾಣೆಚಕ್ರಕ್ಕೆ ಹಿಡಿಯುತ್ತಿದ್ದನು. ಕಿಡಿಗಳು ನೆಟ್ಟಗೆ ಹಾರಿ ಆರಿಹೋದರೆ ‘ಇದು ಮೆದು, ಬಾಯಿ ನಿಲ್ಲಾಕಿಲ್ಲ’ ಎಂದು ಪಕ್ಕಕ್ಕೆಸೆಯುವನು. ಕವಲೊಡೆದು ಸುರುಸುರುಬತ್ತಿಯಂತೆ ಹೂಬಿಟ್ಟರೆ ಮರುಮಾತಿಲ್ಲದೆ ಇದ್ದಲಿನೊಳಕ್ಕೆ ತುರುಕುವನು. ಆ ಹೂವು ಇಂಗಾಲದ ಕುರುಹೆಂದು ಅವನು ಓದಿದವನಲ್ಲ. ಆದರೂ ಲೋಹವು ತನ್ನ ಒಡಲಗುಟ್ಟನ್ನು ಬೆಳಕಿನಲ್ಲಿ ಹೇಳಿಕೊಳ್ಳುವುದೆಂಬ ತತ್ತ್ವ ಅವನ ಕಣ್ಣಿಗೆ ಸಿದ್ಧಿಸಿತ್ತು.

ಆದರೆ ಕಿಡಿ ಹೇಳುವುದು ‘ಎಷ್ಟಿದೆ’ ಎಂಬುದನ್ನು. ‘ಎಲ್ಲಿದೆ’ ಎಂಬುದು ಬೇರೆಯೇ ಪ್ರಶ್ನೆ; ಅದಕ್ಕೆ ಉತ್ತರ ಸುಲಭಕ್ಕೆ ಸಿಗಲಿಲ್ಲ. ಕನ್ನಡದ ‘ಉಕ್ಕು’ ಎಂಬ ಮಾತೇ ‘ವೂಟ್ಜ್’ ಎಂದು ಅಪಭ್ರಂಶಗೊಂಡಿತೆಂದು ಬಹುಮಂದಿ ವಿದ್ವಾಂಸರು ಹೇಳುವ ನಮ್ಮ ಮೂಸೆಯುಕ್ಕನ್ನು ಲಂಡನ್ನಿನಲ್ಲಿ ಜಾರ್ಜ್ ಪಿಯರ್ಸನ್ 1795ರಲ್ಲಿಯೇ ಪರೀಕ್ಷಿಸಿದನು. ಅನಂತರ ಮೈಕೆಲ್ ಫ್ಯಾರಡೆಯಂತಹ ಮಹಾಮತಿಯೂ ಅದನ್ನು ವಿಶ್ಲೇಷಿಸಿ, ಅದರ ಗುಣಕ್ಕೆ ಅಲ್ಯೂಮಿನಿಯಂ ಕಾರಣವಿದ್ದೀತೆಂದು ದಾರಿತಪ್ಪಿದನು. ವಿಶ್ಲೇಷಣೆಗೆಂದು ಉಕ್ಕು ಆಮ್ಲದಲ್ಲಿ ಕರಗಿದ ಮೇಲೆ ಅದರೊಳಗಣ ವಿನ್ಯಾಸವೆಲ್ಲಿ ಉಳಿದೀತು? ಆ ಉಕ್ಕಿನ ಕತ್ತಿಗಳ ಮೇಲಣ ಅಲೆಗೆರೆಗಳಿಗೆ ಲೇಶಮಾತ್ರದ ವೆನೇಡಿಯಂ ಸಾಲುಗಟ್ಟಿ ನಿಂತದ್ದೇ ಕಾರಣವೆಂದು ವೆರ್‌ಹೋವನ್ ಎಂಬ ಲೋಹತಜ್ಞನೂ ಪೆಂಡ್ರೆ ಎಂಬ ಕತ್ತಿ ಕಮ್ಮಾರನೂ ವಾದಿಸಿದ್ದು 1998ರಷ್ಟು ಈಚೆಗೆ.

ಕರಗಿದ ಉಕ್ಕು ಒಮ್ಮೆಲೇ ಹೆಪ್ಪುಗಟ್ಟುವುದಿಲ್ಲ. ಮೊದಲು ಗಟ್ಟಿಯಾದ ಭಾಗವು ಮ್ಯಾಂಗನೀಸು, ರಂಜಕ, ಗಂಧಕಗಳನ್ನು ಉಳಿದ ದ್ರವದೊಳಕ್ಕೆ ತಳ್ಳುತ್ತ ಹೋದಂತೆ, ಕಟ್ಟಕಡೆಗೆ ಅವು ಅಚ್ಚಿನ ನಟ್ಟನಡುವೆ ಸೇರಿ, ಮುಂದೆಂದೋ ಬಿರುಕಿಗೆ ಎಡೆಮಾಡಿಕೊಡುತ್ತವೆ. ಇದನ್ನು ಕಾಣಲು ಜರ್ಮನಿಯ ಬೌಮನ್ 1906ರಲ್ಲಿ ಹೂಡಿದ ಉಪಾಯ ನನಗೆ ಇಂದಿಗೂ ಪ್ರಿಯವಾದುದು: ಫೋಟೋ ಕಾಗದವನ್ನು ತೆಳು ಗಂಧಕಾಮ್ಲದಲ್ಲಿ ನೆನೆಸಿ, ನುಣುಪುಮಾಡಿದ ಉಕ್ಕಿನ ಮೇಲೊತ್ತಿ ಎತ್ತಿದರೆ, ಗಂಧಕವಿದ್ದೆಡೆಯಲ್ಲೆಲ್ಲ ಕಂದುಕಲೆ. ಆದರೆ ಆ ಕಾಗದಕ್ಕೆ ಗಂಧಕವಲ್ಲದೆ ಬೇರೆಯ ಧಾತು ಕಾಣದು.

ಆ ಕೊರತೆ ನೀಗುವ ದಾರಿ ತೆರೆದದ್ದು ಲೇಸರಿನಿಂದ. 1960ರಲ್ಲಿ ಮೈಮನ್ ಮಾಣಿಕ್ಯದ ಲೇಸರನ್ನು ಬೆಳಗಿಸಿದ ಎರಡೇ ವರ್ಷಕ್ಕೆ ಬ್ರೆಕ್ ಮತ್ತು ಕ್ರಾಸ್ ಎಂಬವರು ಅದರ ಕಿರಣದಿಂದ ವಸ್ತುವನ್ನು ಆವಿಯಾಗಿಸಿ ಆ ಆವಿಯ ಬೆಳಕನ್ನು ವಿಶ್ಲೇಷಿಸಬಹುದೆಂದರು. ಸೆಕೆಂಡಿನ ಶತಕೋಟಿಯಲ್ಲಿ ಕೆಲವೇ ಪಾಲು ಉಳಿಯುವ ಲೇಸರ್ ಮಿಡಿತವೊಂದು ಉಕ್ಕಿನ ಮೇಲೆ ಬಿದ್ದಾಗ ಚಿಟ್ಟೆಂದು ಸದ್ದಾಗಿ, ಕೂದಲೆಳೆಯ ಗಾತ್ರದ ಗುಳಿ ಬಿದ್ದು, ಅದರ ಮೇಲೊಂದು ಪ್ಲಾಸ್ಮಾದ ಕಿಡಿ ಹೊಳೆಯುತ್ತದೆ. ಅದರ ಬೆಳಕನ್ನು ಬಿಡಿಸಿದರೆ ಧಾತುಧಾತುವಿಗೂ ತನ್ನದೇ ಗೆರೆ. ಉಕ್ಕನ್ನು ಒಂದಿಷ್ಟೇ ಸರಿಸಿ ಮತ್ತೊಂದು ಮಿಡಿತ, ಮತ್ತೊಂದು ಗುಳಿ. ಹೀಗೆ ಸಾಲುಸಾಲಾಗಿ ಉತ್ತ ಸಾವಿರಾರು ಚುಕ್ಕಿಗಳಿಗೆ ಬಣ್ಣ ತುಂಬಿದಾಗ ಮ್ಯಾಂಗನೀಸಿನದೊಂದು, ಇಂಗಾಲದ್ದೊಂದು ಪಟ ಮೂಡುತ್ತದೆ. ಇಂಗಾಲ, ರಂಜಕ, ಗಂಧಕಗಳ ಪ್ರಬಲ ಗೆರೆಗಳು ದೂರದ ನೇರಳಾತೀತದಲ್ಲಿದ್ದು, ಅವುಗಳಲ್ಲಿ ಹಲವನ್ನು ಗಾಳಿಯೇ ನುಂಗಿಬಿಡುವುದರಿಂದ, ಆರ್ಗಾನ್ ಅನಿಲವನ್ನು ಹಾಯಿಸುವ ಉಪಚಾರವೂ ಬೇಕು.

ಇದೇ ವಿದ್ಯೆಯ ಪುಟ್ಟ ಯಂತ್ರವೊಂದನ್ನು ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೋದ ವಿದ್ಯುತ್-ದೃಗ್ವ್ಯವಸ್ಥೆಗಳ ಪ್ರಯೋಗಾಲಯವು ಸಿದ್ಧಗೊಳಿಸಿತು. ಚಂದ್ರಯಾನ-3ರ ಪ್ರಜ್ಞಾನ್ ಎಂಬ ರೋವರ್ ಅದನ್ನು ಹೊತ್ತು ತೆವಳಿ, 2023ರ ಆಗಸ್ಟಿನಲ್ಲಿ ಚಂದ್ರನ ದಕ್ಷಿಣ ಧ್ರುವದ ಬಳಿಯ ಮಣ್ಣಿಗೆ ಕಿಡಿಹೊತ್ತಿಸಿ, ಕಬ್ಬಿಣ, ಕ್ರೋಮಿಯಂ, ಮ್ಯಾಂಗನೀಸುಗಳನ್ನು ಗುರುತಿಸಿತು. ಬೌಮನ್ನನ ಕಾಗದ ಕಂದಾಗಿ ತೋರಿಸುತ್ತಿದ್ದ ಗಂಧಕವೂ ಅಲ್ಲಿತ್ತು.