ಬಾಯ್ಲರಿನ ಬಿಸಿ, ಬಟ್ಟಲಿನ ಹದ

ಎಸ್ಪ್ರೆಸೊ ಎಂಬ ಇಟಲಿಯ ಕಾಫಿಯಲ್ಲಿ ಸುಮಾರು 9 ಬಾರ್ ಒತ್ತಡದ ಬಿಸಿನೀರು, ಒತ್ತಿ ಕೂರಿಸಿದ ನುಣ್ಣನೆಯ ಪುಡಿಯ ಬಿಲ್ಲೆಯೊಂದನ್ನು ಅರ್ಧ ನಿಮಿಷದೊಳಗೆ ಹಾದು ಬಟ್ಟಲಿಗೆ ಇಳಿಯುತ್ತದೆ. ಡಿಕಾಕ್ಷನ್ ತೊಟ್ಟಿಕ್ಕಲು ಕಾಲು ಗಂಟೆ ಬಿಡುವ ನಮ್ಮ ಫಿಲ್ಟರಿನಲ್ಲಿ ನೀರಿನ ಬಿಸಿ ತುಸು ಆಚೀಚೆಯಾದರೂ ಸಮಯವೇ ಅದನ್ನು ಸರಿದೂಗಿಸುತ್ತದೆ; ಎಸ್ಪ್ರೆಸೊಗೆ ಆ ಬಿಡುವಿಲ್ಲದ ಕಾರಣ ಎರಡು ಮೂರು ಡಿಗ್ರಿಗಳ ಏರುಪೇರು ಕೂಡ ನಾಲಿಗೆಗೆ ತಿಳಿಯುವಷ್ಟಾಗಬಹುದು. 1998ರಲ್ಲಿ ಸ್ಥಾಪನೆಯಾದ ಇಟಲಿಯ ರಾಷ್ಟ್ರೀಯ ಎಸ್ಪ್ರೆಸೊ ಸಂಸ್ಥೆಯು 7 ಗ್ರಾಂ ಪುಡಿಗೆ 88 ಡಿಗ್ರಿ ಸೆಲ್ಸಿಯಸ್‌ನ ನೀರನ್ನು ವಿಧಿಸಿ, ಎರಡು ಡಿಗ್ರಿ ಹೆಚ್ಚುಕಡಿಮೆಗೆ ಮಾತ್ರ ಅವಕಾಶ ಕೊಟ್ಟಿದೆ. ಬೀಜವನ್ನು ಹಗುರವಾಗಿ ಹುರಿಯುವ ಈಚಿನ ಕಾಫಿ ಅಂಗಡಿಗಳು 90ರಿಂದ 96 ಡಿಗ್ರಿಯವರೆಗಿನ ನೀರನ್ನು ಬಳಸುತ್ತವೆ. ಮನೆಯ ಯಂತ್ರದಲ್ಲಿ ಈ ಹದವನ್ನು ಹಿಡಿಯುವುದು ಗುಂಡಿಯೊಂದನ್ನು ತಿರುಗಿಸಿದಷ್ಟು ಸರಳವಲ್ಲ, ಏಕೆಂದರೆ ಯಂತ್ರ ತೋರಿಸುವ ಅಂಕಿ ಬಾಯ್ಲರಿನದು, ಕಾಫಿಗೆ ತಾಗುವ ಬಿಸಿಯನ್ನು ನಿರ್ಧರಿಸುವುದು ನೀರು ಹಾದುಬರುವ ಲೋಹ.

ಒತ್ತಡವನ್ನೂ ಬಿಸಿಯನ್ನೂ ಬೇರ್ಪಡಿಸುವ ಪ್ರಯತ್ನವೇ ಈ ಯಂತ್ರದ ಇತಿಹಾಸದ ದೊಡ್ಡ ಭಾಗ. 1901ರಲ್ಲಿ ಮಿಲಾನಿನ ಲುಯಿಜಿ ಬೆಜ್ಜೆರಾ ಪೇಟೆಂಟ್ ಪಡೆದ ಯಂತ್ರದಲ್ಲಿ ನೀರನ್ನು ತಳ್ಳುತ್ತಿದ್ದುದು ಬಾಯ್ಲರಿನ ಹಬೆಯೇ ಆದ್ದರಿಂದ, ಒತ್ತಡ ಹೆಚ್ಚಬೇಕೆಂದರೆ ನೀರು ಇನ್ನಷ್ಟು ಕಾಯಬೇಕಿತ್ತು, ಕಾದಷ್ಟೂ ಕಾಫಿ ಸೀದ ಕಹಿಯತ್ತ ಜಾರುತ್ತಿತ್ತು. ಅಕಿಲ್ಲೆ ಗಾಜ್ಯಾ 1948ರ ಹೊತ್ತಿಗೆ ಸ್ಪ್ರಿಂಗ್ ಮತ್ತು ಸನ್ನೆಯ ಬಲದಿಂದ ನೀರನ್ನು ಒತ್ತುವ ಯಂತ್ರವನ್ನು ಮಾರುಕಟ್ಟೆಗೆ ತಂದಾಗ ಆ ಗಂಟು ಬಿಚ್ಚಿತು. 1961ರ ಫೇಮಾ ಇ61 ಯಂತ್ರವು ಒತ್ತುವ ಕೆಲಸವನ್ನು ಪಂಪಿಗೆ ವಹಿಸಿತು. ಜೊತೆಗೆ, ಪುಡಿ ತುಂಬಿದ ಹಿಡಿಕೆಯನ್ನು ಸಿಕ್ಕಿಸುವ ಭಾಗವಾದ ಗ್ರೂಪ್ ಹೆಡ್ಡನ್ನು ಸುಮಾರು ನಾಲ್ಕು ಕಿಲೋ ತೂಕದ ಹಿತ್ತಾಳೆಯಲ್ಲಿ ಎರಕಹೊಯ್ದು, ಅದರೊಳಗೆ ಬಿಸಿನೀರು ಸದಾ ಸುತ್ತುವಂತೆ ಮಾಡಿತು. ಅಷ್ಟು ಲೋಹ ಒಮ್ಮೆ ಕಾದರೆ ಬೇಗ ಆರುವುದಿಲ್ಲ, ಆದರೆ ಅದು ಕಾಯಲು ಅರ್ಧ ಗಂಟೆಗೂ ಹೆಚ್ಚು ಬೇಕು. ದೀಪ ಹತ್ತಿ ಐದು ನಿಮಿಷಕ್ಕೆ ಕಾಫಿ ಇಳಿಸಿ ಹುಳಿಯೆಂದು ದೂರುವುದು ಯಂತ್ರಕ್ಕೆ ಮಾಡುವ ಅನ್ಯಾಯ.

ಒಂದೇ ಬಾಯ್ಲರಿನ ಸಣ್ಣ ಯಂತ್ರಗಳ ಸಮಸ್ಯೆ ಬೇರೆಯದು. 1997ರಿಂದ ಮಾರಾಟದಲ್ಲಿರುವ, ಮನೆಗಳಲ್ಲಿ ಬಹಳ ಹೆಸರು ಮಾಡಿದ ರಾಂಚೀಲಿಯೊ ಸಿಲ್ವಿಯಾವನ್ನೇ ನೋಡಬಹುದು. ಅದರ ಮೂಲ ಮಾದರಿಯಲ್ಲಿ 300 ಮಿಲಿಲೀಟರಿನ ಹಿತ್ತಾಳೆಯ ಬಾಯ್ಲರು, ಅದರ ಮೈಗೆ ತಗುಲಿಸಿದ ಥರ್ಮೋಸ್ಟಾಟ್, ಅಂದರೆ ಬಿಸಿಗೆ ಬಾಗುವ ಜೋಡಿಲೋಹದ ಬಿಲ್ಲೆ, ಇಷ್ಟೇ ಇವೆ. 100 ಡಿಗ್ರಿಯಲ್ಲಿ ಬಿಲ್ಲೆ ಬಾಗಿ ವಿದ್ಯುತ್ತನ್ನು ಕಡಿದರೂ, ಕಾದ ಸುರುಳಿಯಲ್ಲಿ ಉಳಿದ ಶಾಖ ನೀರನ್ನು ಇನ್ನೂ ಮೇಲಕ್ಕೆ ಒಯ್ಯುತ್ತದೆ. ಆಮೇಲೆ ಬಿಲ್ಲೆ ಹಿಂದಿನ ಆಕಾರಕ್ಕೆ ಮರಳುವಷ್ಟರಲ್ಲಿ ಬಾಯ್ಲರು ಬಹಳವೇ ಆರಿರುತ್ತದೆ. ಹೀಗೆ ಹತ್ತು ಡಿಗ್ರಿಗೂ ಮಿಕ್ಕಿದ ಏರಿಳಿತ ನಡೆದೇ ಇರುತ್ತದೆ. ಇದಕ್ಕೆ ಬಳಕೆದಾರರು ಕಂಡುಕೊಂಡ ಉಪಾಯ ಟೆಂಪರೇಚರ್ ಸರ್ಫಿಂಗ್: ಸ್ವಲ್ಪ ನೀರನ್ನು ಹರಿಯಬಿಟ್ಟು ಹೀಟರಿನ ದೀಪ ಹತ್ತಿಸುವುದು, ಅದು ಆರಿದ ಮೇಲೆ ಗಡಿಯಾರ ನೋಡಿ ಗೊತ್ತಾದಷ್ಟು ಸೆಕೆಂಡು ಕಾದು ಕಾಫಿ ಇಳಿಸುವುದು. ಕಾಫಿ ಕಹಿಯಾದರೆ ಕಾಯುವ ಸಮಯವನ್ನು ಹತ್ತು ಸೆಕೆಂಡು ಹಿಗ್ಗಿಸಬೇಕು, ಹುಳಿಯಾದರೆ ಕುಗ್ಗಿಸಬೇಕು. ಏರಿಳಿತದ ಅಲೆ ಎಂಥದೇ ಆಗಿರಲಿ, ಪ್ರತಿ ಬಾರಿ ಅದರ ಒಂದೇ ಬಿಂದುವನ್ನು ಹಿಡಿದರೆ ಪ್ರತಿ ಬಾರಿಯ ಬಿಸಿಯೂ ಒಂದೇ ಆಗುತ್ತದೆಂಬುದು ಇದರ ತರ್ಕ, ಮತ್ತು ಅದು ಖರ್ಚಿಲ್ಲದ ಗಟ್ಟಿ ತರ್ಕ.

ಆ ಅಲೆಯನ್ನೇ ಚಪ್ಪಟೆಯಾಗಿಸುವ ಸಾಧನ ಪಿಐಡಿ. 1922ರಲ್ಲಿ ನಿಕೊಲಸ್ ಮಿನೋರ್ಸ್ಕಿ ಹಡಗಿನ ಚುಕ್ಕಾಣಿಯನ್ನು ತಾನಾಗಿ ತಿರುಗಿಸುವ ಬಗೆಯನ್ನು ವಿವರಿಸುತ್ತ ಗಣಿತದ ರೂಪ ಕೊಟ್ಟ ಈ ನಿಯಂತ್ರಣಕ್ರಮ ಮೂರು ಸಂಗತಿಗಳನ್ನು ಒಟ್ಟಿಗೆ ತೂಗುತ್ತದೆ: ಬೇಕಾದ ಬಿಸಿಗೆ ಈಗ ಎಷ್ಟು ಕೊರತೆಯಿದೆ, ಇದುವರೆಗೆ ಕೂಡಿಬಂದ ಕೊರತೆ ಎಷ್ಟು, ಬಿಸಿ ಯಾವ ವೇಗದಲ್ಲಿ ಬದಲಾಗುತ್ತಿದೆ. ಗುರಿ ಹತ್ತಿರವಾದಂತೆ ಅದು ಹೀಟರಿಗೆ ವಿದ್ಯುತ್ತನ್ನು ಚೂರುಚೂರಾಗಿ ಕೊಡುವುದರಿಂದ ಬಾಯ್ಲರು ಒಂದು ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಇಲ್ಲೇ ಹಲವರು ಎಡವುತ್ತಾರೆ. ಸಿಲ್ವಿಯಾದಂಥ ಯಂತ್ರಕ್ಕೆ ಪಿಐಡಿ ಕೂಡಿಸಿ 93 ಎಂದು ಗುರಿಯಿಟ್ಟರೆ ಸಿಗುವುದು ಹುಳಿ ಕಾಫಿ, ಏಕೆಂದರೆ ಬಾಯ್ಲರಿನಿಂದ ಹಿಡಿಕೆಯ ಜಾಲರಿಗೆ ಬರುವ ದಾರಿಯಲ್ಲಿ ನೀರು ಹತ್ತಕ್ಕೂ ಹೆಚ್ಚು ಡಿಗ್ರಿ ಕಳೆದುಕೊಳ್ಳಬಹುದು. ಪುಡಿಗೆ 93 ಸಿಗಬೇಕಾದರೆ ಬಾಯ್ಲರಿನ ಅಂಕಿ 105ರ ಹತ್ತಿರ ಇರಬೇಕಾಗುತ್ತದೆ. ಈ ಅಂತರಕ್ಕೆ ಆಫ್‌ಸೆಟ್ ಎಂದು ಹೆಸರು. ಕೆಲವು ತಯಾರಕರು ಅದನ್ನು ಮೊದಲೇ ಕಳೆದು ಅಂಕಿ ತೋರಿಸುತ್ತಾರೆ, ಕೆಲವರು ತೋರಿಸುವುದಿಲ್ಲ. ಎರಡು ಯಂತ್ರಗಳ ಅಂಕಿಗಳನ್ನು ಹೋಲಿಸುವುದರಿಂದ ಏನೂ ತಿಳಿಯದಿರುವುದು ಈ ಕಾರಣಕ್ಕೇ.

ಮನೆಗೆ ಬರುವ ಇ61 ಮಾದರಿಯ ಯಂತ್ರಗಳಲ್ಲಿ ಹಲವು ಹೀಟ್ ಎಕ್ಸ್‌ಚೇಂಜರ್ ಬಗೆಯವು. ಅವುಗಳ ಬಾಯ್ಲರು ಹಾಲು ನೊರೆಯಾಗಿಸುವ ಹಬೆಗೆಂದು 120 ಡಿಗ್ರಿಯ ಮೇಲೆ ಕಾದಿರುತ್ತದೆ, ಕಾಫಿಯ ನೀರು ಅದರೊಳಗಿನ ಕೊಳವೆಯಲ್ಲಿ ಹಾಯುತ್ತ ಬಿಸಿಯಾಗುತ್ತದೆ. ಯಂತ್ರ ಸುಮ್ಮನೆ ನಿಂತಿದ್ದಾಗ ಕೊಳವೆಯ ನೀರು ಅತಿಯಾಗಿ ಕಾಯುವುದರಿಂದ, ಕಾಫಿಗೆ ಮೊದಲು ಹಿಡಿಕೆ ತೆಗೆದು ಸ್ವಲ್ಪ ನೀರನ್ನು ಚೆಲ್ಲಬೇಕು. ಮೊದಲು ನೀರು ಹಬೆಯಾಗಿ ಸಿಡಿಯುತ್ತ ಬುಸುಗುಡುತ್ತದೆ, ಕೆಲವು ಸೆಕೆಂಡಿನಲ್ಲಿ ಸದ್ದಡಗಿ ಗಾಜಿನ ಕಡ್ಡಿಯಂತೆ ನೇರವಾಗಿ ಇಳಿಯತೊಡಗುತ್ತದೆ. ಸದ್ದು ಅಡಗಿದ ಆ ಕ್ಷಣವೇ ಪುಕ್ಕಟೆಯ ಥರ್ಮಾಮೀಟರು, ಹೊರಬರುವ ನೀರು ಕುದಿಬಿಂದುವಿಗಿಂತ ಕೆಳಗಿಳಿದ ಗುರುತು ಅದು. ಆದರೆ ಆ ಬಿಂದು ಊರಿಂದ ಊರಿಗೆ ಬೇರೆ: ಮಿಲಾನಿನಲ್ಲಿ ಅದು ಹೆಚ್ಚುಕಡಿಮೆ 100 ಡಿಗ್ರಿ, ಸಮುದ್ರಮಟ್ಟಕ್ಕಿಂತ 900 ಮೀಟರಿನಷ್ಟು ಎತ್ತರದ ಬೆಂಗಳೂರಿನಲ್ಲಿ ಸುಮಾರು 97, ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿ ಕಡಿಮೆ. ಸದ್ದು ನಿಂತ ಮೇಲೆ ಇಷ್ಟು ಸೆಕೆಂಡು ನೀರು ಹರಿಸಿ ಎಂಬ ಇಟಲಿಯ ಸಲಹೆಯನ್ನು ಬೆಂಗಳೂರಿನ ಅಡುಗೆಮನೆಯಲ್ಲಿ ಹಾಗೆಯೇ ಪಾಲಿಸಿದರೆ ನೀರು ಬೇಕಾದುದಕ್ಕಿಂತ ತಣ್ಣಗಾಗುತ್ತದೆ. ಈ ಬಗೆಯ ಯಂತ್ರದ ಬಿಸಿಯನ್ನು ಶಾಶ್ವತವಾಗಿ ಬದಲಿಸಲು ಒಳಗೆ ಪ್ರೆಷರ್‌ಸ್ಟಾಟಿನ ತಿರುಪು ಇರುತ್ತದೆ, ಒತ್ತಡ 0.1 ಬಾರ್ ಬದಲಾದರೆ ಬಾಯ್ಲರಿನ ಬಿಸಿ ಸುಮಾರು ಒಂದೂವರೆ ಡಿಗ್ರಿ ಬದಲಾಗುತ್ತದೆ. ಆ ತಿರುಪಿನ ಪಕ್ಕದಲ್ಲೇ 230 ವೋಲ್ಟಿನ ತಂತಿಗಳಿರುವುದರಿಂದ ಪ್ಲಗ್ಗನ್ನು ಗೋಡೆಯಿಂದ ಕಿತ್ತ ಮೇಲಷ್ಟೇ ಮುಚ್ಚಳ ತೆಗೆಯಬೇಕು.

ಎಷ್ಟು ಬಿಸಿ ಬೇಕೆಂಬುದನ್ನು ಹೇಳುವುದು ಬೀಜ ಹುರಿದ ಹದ. ಹಗುರವಾಗಿ ಹುರಿದ ಅರೇಬಿಕಾದ ಕಣಗಳು ಗಟ್ಟಿಯಾಗಿದ್ದು ಸಾರವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ, ಅದಕ್ಕೆ 94 ಅಥವಾ 95 ಡಿಗ್ರಿ ಹೊಂದುತ್ತದೆ. ಕಪ್ಪಾಗಿ ಹುರಿದ ಬೀಜ ಸಡಿಲವಾಗಿದ್ದು ಕಹಿಯನ್ನು ಬೇಗ ಬಿಡುವುದರಿಂದ 88ರಿಂದ 91 ಸಾಕು. ಕರ್ನಾಟಕದಿಂದ ಇಟಲಿಗೆ ಬಹಳ ಕಾಲದಿಂದ ಹೋಗುತ್ತಿರುವ ರೊಬಸ್ಟಾ ಅಲ್ಲಿನ ಮಿಶ್ರಣಗಳಿಗೆ ನೊರೆಯನ್ನೂ ಮೈಯನ್ನೂ ಕೊಡುತ್ತದೆ, ಆದರೆ ನೀರು ಅತಿಯಾಗಿ ಕಾದರೆ ಅದರ ಒಗರು ಎದ್ದು ಬರುತ್ತದೆ. ಕೊಡಗಿನ ರೊಬಸ್ಟಾವನ್ನು ಮನೆಯ ಯಂತ್ರಕ್ಕೆ ಹಾಕುವವರು ಕೆಳಗಿನ ಅಂಕಿಯಿಂದ ಆರಂಭಿಸುವುದು ಲೇಸು. ಆದರೂ ಮೊದಲು ಸರಿಪಡಿಸಬೇಕಾದದ್ದು ಪುಡಿಯ ನಯ ಮತ್ತು ತೂಕ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನವು, ಕಾಫಿಯ ಗಟ್ಟಿತನವನ್ನೂ ಹೊರಬಂದ ಸಾರದ ಪ್ರಮಾಣವನ್ನೂ ಸಮನಾಗಿಟ್ಟರೆ ನೀರಿನ ಬಿಸಿಯೊಂದರಿಂದ ರುಚಿ ಅಷ್ಟಾಗಿ ಬದಲಾಗುವುದಿಲ್ಲವೆಂದು ತೋರಿಸಿತು. ಅದು ಡ್ರಿಪ್ ಕಾಫಿಯ ಅಧ್ಯಯನವೇ ಹೊರತು ಎಸ್ಪ್ರೆಸೊದ್ದಲ್ಲ, ಆದರೂ ಬಿಸಿಯ ಕೆಲಸ ಹೆಚ್ಚಾಗಿ ಸಾರವನ್ನು ಹೆಚ್ಚುಕಡಿಮೆ ಮಾಡುವುದೇ ಎಂಬ ಸುಳಿವು ಅದರಲ್ಲಿದೆ. ಆ ಕೆಲಸವನ್ನು ಪುಡಿಯ ನಯ ಇನ್ನೂ ಬಲವಾಗಿ ಮಾಡುತ್ತದೆ. ಆದ್ದರಿಂದ ಒಂದೇ ತೂಕದ ಪುಡಿಯಿಂದ ಒಂದೇ ತೂಕದ ಕಾಫಿ ಒಂದೇ ಸಮಯದಲ್ಲಿ ಇಳಿಯುವಂತಾದ ಮೇಲೆ ಮಾತ್ರ, ಉಳಿದೆಲ್ಲವನ್ನೂ ಹಾಗೇ ಬಿಟ್ಟು, ಬಿಸಿಯನ್ನು ಒಮ್ಮೆಗೆ ಎರಡು ಡಿಗ್ರಿ ಬದಲಿಸಿ, ಲೋಹ ಹೊಸ ಬಿಸಿಗೆ ಒಗ್ಗಲು ಹತ್ತು ಹದಿನೈದು ನಿಮಿಷ ಕೊಟ್ಟು ರುಚಿ ನೋಡಬೇಕು.

ಹೀಗೆ ಹಿಡಿದ ಹದವನ್ನು ಕದಿಯುವುದು ಗಡಸು ನೀರು. ಬೋರ್‌ವೆಲ್ ನೀರನ್ನು ನೇರವಾಗಿ ತುಂಬಿದ ಬಾಯ್ಲರಿನಲ್ಲಿ ಕೆಲವೇ ತಿಂಗಳಲ್ಲಿ ಸುಣ್ಣದ ಬಿಳಿ ಪದರ ಹೀಟರಿನ ಸುರುಳಿಯ ಮೇಲೂ ಕೊಳವೆಗಳೊಳಗೂ ಕಟ್ಟಿಕೊಂಡು ಶಾಖವನ್ನು ತಡೆಯುತ್ತದೆ. ಬೇಸಿಗೆಯಲ್ಲಿ ಸರಿಯಾಗಿದ್ದ ಅಂಕಿ ಮಳೆಗಾಲದ ಹೊತ್ತಿಗೆ ಹುಳಿ ಕಾಫಿ ಕೊಡತೊಡಗಿದರೆ, ಗುಂಡಿಗೆ ಕೈ ಹಾಕುವ ಮೊದಲು ಆ ಪದರವನ್ನು ಕರಗಿಸಿ ತೊಳೆಯಬೇಕು.