ಹಳೆಯ ಲ್ಯಾಪ್‌ಟಾಪನ್ನು ಬಿಡುವ ಮುನ್ನ

ಊರು ಬಿಟ್ಟು ಬಂದು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ಉದರನಿರ್ವಾಹ ನಡೆಸುತ್ತಿರುವ ನಮ್ಮ ಬಂಧುಗಳ ಪಾಲಿಗೆ ಲ್ಯಾಪ್‌ಟಾಪು ಇಂದು ಭೋಗವಸ್ತುವಾಗಿ ಉಳಿದಿಲ್ಲ. ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನಿಗೆ ಅದು ಲೆಕ್ಕದ ಪುಸ್ತಕ. ಗುಮಾಸ್ತನಿಗೆ ಮನೆಗೆ ತಂದ ಕಚೇರಿಯ ಮೇಜು. ಆತನ ಮಕ್ಕಳಿಗೆ ಪಾಟಿ. ಹಗಲೆಲ್ಲ ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತ ಹಿಂದಿನ ತಲೆಮಾರಿನವರು ಹರಿದ ಪುಸ್ತಕವನ್ನು ಹೊಲಿದು ಬಳಸಿದರು. ಅವರ ಮಕ್ಕಳ, ಮೊಮ್ಮಕ್ಕಳ ಮುಂದೆ ಇಂದು ಅದೇ ಬಗೆಯ ಪ್ರಶ್ನೆ ನಿಂತಿದೆ: ನಿಧಾನಗೊಂಡಿರುವ ಹಳೆಯ ಯಂತ್ರವನ್ನು ಸರಿಪಡಿಸಿಕೊಳ್ಳಬೇಕೆ, ಇಲ್ಲವೆ ಹೊಸದನ್ನು ಕೊಳ್ಳಬೇಕೆ?

ಈ ಪ್ರಶ್ನೆಗೆ ಅಂಗಡಿಯವನ ಉತ್ತರ ಸಾಮಾನ್ಯವಾಗಿ ಒಂದೇ. ಕಂತಿನ ಕಾಗದವೂ ಆತನ ಕೈಯಲ್ಲಿ ಸಿದ್ಧವಾಗಿರುತ್ತದೆ. ಆದರೆ ತಿಂಗಳ ಸಂಬಳದಲ್ಲಿ ಊರಿಗೆ ಹಣ ಕಳುಹಿಸಿ, ಕೋಣೆಯ ಬಾಡಿಗೆ ತೆತ್ತು, ಉಳಿದುದರಲ್ಲಿ ದಿನ ಕಳೆಯುವವನಿಗೆ ಹೊಸ ಲ್ಯಾಪ್‌ಟಾಪೆಂದರೆ ಹಲವು ತಿಂಗಳ ಉಳಿತಾಯ. ಆದಕಾರಣ ಉತ್ತರವನ್ನು ಅಂಗಡಿಗೆ ಹೋಗುವ ಮೊದಲೇ ಮನೆಯಲ್ಲಿ ಕುಳಿತು ಕಂಡುಕೊಳ್ಳುವುದು ಲೇಸು.

ಹಿಟ್ಟು ರುಬ್ಬುವ ಯಂತ್ರವು ನಿಧಾನವಾಯಿತೆಂದು ಹೋಟೆಲಿನವನು ಮರುದಿನವೇ ಹೊಸದನ್ನು ತರಿಸುವುದಿಲ್ಲ. ಪಟ್ಟಿ ಸಡಿಲಿದೆಯೆ, ಕಲ್ಲು ಸವೆದಿದೆಯೆ, ಮೋಟಾರು ಸುಟ್ಟಿದೆಯೆ ಎಂದು ಮೊದಲು ನೋಡುತ್ತಾನೆ. ಪಟ್ಟಿಯ ದೋಷಕ್ಕೆ ಯಂತ್ರವನ್ನೇ ಮಾರುವವನು ವ್ಯಾಪಾರದಲ್ಲಿ ಬಹುಕಾಲ ನಿಲ್ಲಲಾರ. ಲ್ಯಾಪ್‌ಟಾಪಿಗೂ ಇದೇ ನ್ಯಾಯ ಸಲ್ಲುತ್ತದೆ.

ಕೆಲವು ವರ್ಷಗಳ ಹಿಂದೆ ಅಗ್ಗದ ಲ್ಯಾಪ್‌ಟಾಪುಗಳಲ್ಲಿ ಬರುತ್ತಿದ್ದುದು ತಿರುಗುವ ಹಾರ್ಡ್ ಡಿಸ್ಕು. ಅದರ ತಟ್ಟೆ ನಿಮಿಷಕ್ಕೆ 5,400 ಸುತ್ತು, ಅಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತದೆ. ಬೇಕಾದ ಮಾಹಿತಿ ಸೂಜಿಯ ಕೆಳಗೆ ಬರುವವರೆಗೆ ಗಣಕವು ಕಾಯಬೇಕು. ಎಸ್‌ಎಸ್‌ಡಿ ಎಂಬ ಸಾಧನದಲ್ಲಿ ತಿರುಗುವ ಭಾಗವೇ ಇಲ್ಲ. ಹಳೆಯ ಡಿಸ್ಕು ಸೆಕೆಂಡಿಗೆ ಸುಮಾರು 100 ಮೆಗಾಬೈಟು ಓದಿದರೆ, ಅದೇ ಜಾಗದಲ್ಲಿ ಕೂಡಿಸಬಹುದಾದ ಸಾಟಾ ಎಸ್‌ಎಸ್‌ಡಿಯು ಸುಮಾರು 500 ಮೆಗಾಬೈಟು ಓದಬಲ್ಲುದು. ಚದುರಿದ ಸಣ್ಣ ಕಡತಗಳನ್ನು ಹುಡುಕುವಾಗ ಅಂತರವು ಇನ್ನೂ ಹೆಚ್ಚು. ಯಂತ್ರ ತೆರೆಯಲು ಐದು ನಿಮಿಷ ಹಿಡಿಯುತ್ತಿದ್ದರೆ, ದೋಷವು ಬಹುಮಟ್ಟಿಗೆ ಇಲ್ಲಿಯೇ ಇರುತ್ತದೆ.

ಇದನ್ನು ಪರೀಕ್ಷಿಸಲು ಯಾರಿಗೂ ಹಣ ಕೊಡಬೇಕಾಗಿಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಪರ್ಫಾರ್ಮೆನ್ಸ್ ಪುಟದಲ್ಲಿ ಡಿಸ್ಕಿನ ಲೆಕ್ಕವು ಸದಾ ನೂರರ ಸಮೀಪದಲ್ಲಿದ್ದರೆ ಡಿಸ್ಕು ಬದಲಾಗಬೇಕು. ಮೆಮೊರಿಯ ಲೆಕ್ಕವು ಸದಾ ತುಂಬಿಕೊಂಡಿದ್ದರೆ ರ‍್ಯಾಮ್ ಸಾಲದು. 4 ಜಿಬಿ ಇರುವಲ್ಲಿ 8 ಜಿಬಿ ಮಾಡಿದರೆ ಸಾಮಾನ್ಯ ಕೆಲಸಕ್ಕೆ ಸಾಕು. ಆದರೆ ಕೆಲವು ತೆಳು ಮಾದರಿಗಳಲ್ಲಿ ರ‍್ಯಾಮನ್ನು ಫಲಕಕ್ಕೇ ಬೆಸೆದಿರುತ್ತಾರೆ. ಅದನ್ನು ಹೆಚ್ಚಿಸಲು ಬರುವುದಿಲ್ಲ. 2025ರ ಕೊನೆಯ ತಿಂಗಳುಗಳಲ್ಲಿ ಇಂಥ ಬಿಡಿಭಾಗಗಳ ಬೆಲೆ ಬಹಳ ಏರಿತ್ತು; ಆದುದರಿಂದ ಹಿಂದೆ ಗೆಳೆಯನು ಕೊಟ್ಟ ಬೆಲೆಯನ್ನು ನಂಬದೆ ಅಂದಿನ ಬೆಲೆಯನ್ನೇ ವಿಚಾರಿಸಬೇಕು. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈಯ ರಿಚೀ ಸ್ಟ್ರೀಟ್, ದೆಹಲಿಯ ನೆಹರೂ ಪ್ಲೇಸ್‌ಗಳಲ್ಲಿ ಮೂರು ಅಂಗಡಿ ಹತ್ತಿಳಿದರೆ ನಿಜವಾದ ಬೆಲೆ ತಿಳಿಯುತ್ತದೆ.

ಇಷ್ಟು ಮಾತ್ರವಾಗಿದ್ದರೆ ಸಮಸ್ಯೆ ಸುಲಭ. ಆದರೆ ಭದ್ರತೆಯೆಂಬ ಇನ್ನೊಂದು ವಿಚಾರವಿದೆ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ನೋಂದಾಯಿಸಿಕೊಂಡ ಗೃಹಬಳಕೆದಾರರಿಗೆ 2026ರ ಅಕ್ಟೋಬರ್ 13ರ ವರೆಗೆ ಭದ್ರತಾ ಪರಿಷ್ಕರಣೆ ಕೊಡುವ ಏರ್ಪಾಡನ್ನೂ ಮಾಡಿತು. ಅದು ವಾಯಿದೆಯೇ ಹೊರತು ಪರಿಹಾರವಲ್ಲ. ಪರಿಷ್ಕರಣೆ ನಿಂತ ಯಂತ್ರವು ಮರುದಿನ ಕೆಡುವುದಿಲ್ಲ, ಎಂದಿನಂತೆಯೇ ನಡೆಯುತ್ತದೆ. ಅಪಾಯವಿರುವುದೂ ಅಲ್ಲಿಯೇ. ಹೊಸದಾಗಿ ಪತ್ತೆಯಾದ ಬಿರುಕುಗಳನ್ನು ಯಾರೂ ಮುಚ್ಚುವುದಿಲ್ಲ. ಅಂಥ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ನಡೆಸುವುದು ಅಗಳಿಯಿಲ್ಲದ ಬಾಗಿಲಿನ ಹಿಂದೆ ಹಣವಿಟ್ಟಂತೆ.

ವಿಂಡೋಸ್ 11ಕ್ಕೆ ಏರಬಹುದೆ ಎಂಬುದನ್ನು ಯಂತ್ರದ ಪ್ರೊಸೆಸರೇ ಹೇಳುತ್ತದೆ. ಇಂಟೆಲ್ ಆದರೆ, ಕೆಲವೇ ಅಪವಾದಗಳನ್ನು ಬಿಟ್ಟು, ಎಂಟನೆಯ ಪೀಳಿಗೆ ಅಥವಾ ಅದರಿಂದೀಚಿನದಾಗಿರಬೇಕು, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ ಇರಬೇಕು. ಐ5-7200ಯು ಎಂದಿದ್ದರೆ ಅಡ್ಡಗೆರೆಯ ನಂತರದ 7 ಏಳನೆಯ ಪೀಳಿಗೆಯ ಗುರುತು, ಅದು ಸಲ್ಲದು. 2017ರಲ್ಲಿ ಬಂದ ಐ5-8250ಯು ಎಂಟನೆಯದು; ಅದು ಸಲ್ಲುತ್ತದೆ. ಮೈಕ್ರೋಸಾಫ್ಟಿನದೇ ಆದ ಪಿಸಿ ಹೆಲ್ತ್ ಚೆಕ್ ಎಂಬ ಉಚಿತ ತಂತ್ರಾಂಶವು ಇದನ್ನು ನಿಸ್ಸಂದೇಹವಾಗಿ ತಿಳಿಸುತ್ತದೆ. ಅರ್ಹವಲ್ಲದ ಯಂತ್ರಕ್ಕೂ ಅಡ್ಡದಾರಿಯಿಂದ ವಿಂಡೋಸ್ 11 ಹಾಕಿಕೊಡುವ ರಿಪೇರಿಯವರಿದ್ದಾರೆ. ಅಂಥ ಯಂತ್ರಗಳಿಗೆ ಮುಂದೆ ಪರಿಷ್ಕರಣೆ ದೊರೆಯುವುದೆಂಬ ಭರವಸೆಯನ್ನು ಆ ಸಂಸ್ಥೆಯೇ ಕೊಟ್ಟಿಲ್ಲ.

ಹಾಗಾದರೆ ಏಳನೆಯ ಪೀಳಿಗೆಯ ಯಂತ್ರವನ್ನು ಬಿಸಾಡಬೇಕೆ? ಅದು ಮಾಡುವ ಕೆಲಸದ ಮೇಲೆ ಹೋಗುತ್ತದೆ. ಮಗನ ಓದು, ಪತ್ರವ್ಯವಹಾರ, ವೃತ್ತಪತ್ರಿಕೆ, ಚಲನಚಿತ್ರಗಳಷ್ಟೇ ಆದರೆ ಉಬುಂಟು ಅಥವಾ ಲಿನಕ್ಸ್ ಮಿಂಟ್ ಎಂಬ ಉಚಿತ ವ್ಯವಸ್ಥೆಯನ್ನು ಹಾಕಿಸಿಕೊಂಡರೆ ಪರಿಷ್ಕರಣೆಯೂ ದೊರೆಯುತ್ತದೆ, ಯಂತ್ರವೂ ಉಳಿಯುತ್ತದೆ. ಕನ್ನಡದ ಬರವಣಿಗೆಗೂ ಅಡ್ಡಿಯಿಲ್ಲ. ಆದರೆ ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತನಿಗೆ ವಿಂಡೋಸ್ ಬೇಕೇ ಬೇಕು. ಅವನು ಹೊಸತನ್ನು ಕೊಳ್ಳುವುದು ದುಂದುವೆಚ್ಚವಲ್ಲ. ಬಡಗಿಯು ಉಳಿ ಕೊಂಡಂತೆ.

ಉಳಿದಂತೆ ಒಂದು ಅಂದಾಜನ್ನು ಇಟ್ಟುಕೊಳ್ಳಬಹುದು. ಒಟ್ಟು ರಿಪೇರಿಯ ವೆಚ್ಚವು ಹೊಸ ಯಂತ್ರದ ಬೆಲೆಯ ಮೂರನೆಯ ಒಂದು ಪಾಲನ್ನು ಮೀರದಿದ್ದರೆ, ಸರಿಪಡಿಸಿದ ಯಂತ್ರವು ಇನ್ನೆರಡು ವರ್ಷ ನಡೆಯುವಂತಿದ್ದರೆ, ರಿಪೇರಿ ಮಾಡಿಸುವುದೇ ಲಾಭ. ಮುಖ್ಯ ಫಲಕವೇ ಸುಟ್ಟಿದ್ದರೆ, ಅಥವಾ ಪರದೆ, ಕೀಲು, ಬ್ಯಾಟರಿ ಮೂರೂ ಒಟ್ಟಿಗೆ ಕೈಕೊಟ್ಟಿದ್ದರೆ ಮಮತೆ ಬೇಡ. ಬ್ಯಾಟರಿ ಉಬ್ಬಿದ್ದರಂತೂ ಲೆಕ್ಕಾಚಾರಕ್ಕೆ ಕಾಯದೆ ಬಳಕೆಯನ್ನು ನಿಲ್ಲಿಸಬೇಕು. ಅದು ಬೆಂಕಿಗೆ ಕಾರಣವಾದೀತು.

ಹೊಸದೆಂದರೆ ಅಂಗಡಿಯ ಹೊಚ್ಚಹೊಸದೇ ಆಗಬೇಕೆಂದಿಲ್ಲ. ದೊಡ್ಡ ಕಚೇರಿಗಳು ಮೂರು ನಾಲ್ಕು ವರ್ಷ ಬಳಸಿ ಬಿಟ್ಟ ಗಟ್ಟಿ ಯಂತ್ರಗಳು ಪುನಃ ಸಜ್ಜುಗೊಂಡು ಮಾರಾಟಕ್ಕೆ ಬರುತ್ತವೆ. ಪೀಳಿಗೆಯ ಅಂಕೆಯನ್ನು ನೋಡಿ, ಅರ್ಧ ಗಂಟೆ ಬ್ಯಾಟರಿಯ ಮೇಲೆಯೇ ನಡೆಸಿ, ಪ್ರತಿಯೊಂದು ಕೀಲಿಯನ್ನೂ ಒತ್ತಿ, ರಸೀದಿಯನ್ನೂ ವಾರಂಟಿಯನ್ನೂ ಬರಹದಲ್ಲಿ ಪಡೆಯಬೇಕು. ಕಂತಿನಲ್ಲಿ ಕೊಳ್ಳುವವರು ತಿಂಗಳ ಕಂತನ್ನಷ್ಟೇ ನೋಡದೆ, ಎಲ್ಲ ಕಂತುಗಳನ್ನೂ ಕೂಡಿ, ಮೇಲಿನ ಶುಲ್ಕವನ್ನು ಸೇರಿಸಿ, ನಗದು ಬೆಲೆಯೊಡನೆ ಹೋಲಿಸಬೇಕು.

ಹಳೆಯದನ್ನು ಬಿಡುವಾಗ ಎರಡು ಎಚ್ಚರಿಕೆಗಳು. ಸಂಘಗಳ ವರದಿ, ಆಮಂತ್ರಣ, ಲೇಖನ ಮುಂತಾದವನ್ನು ನುಡಿ, ಬರಹಗಳ ಹಳೆಯ ಅಕ್ಷರಶೈಲಿಯಲ್ಲಿ ಬರೆದಿಟ್ಟವರು ಬಹಳ ಮಂದಿ. ಆ ಅಕ್ಷರಶೈಲಿಯಿಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡವೆಲ್ಲ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತದೆ. ಹಳೆಯ ಯಂತ್ರ ಕೈಯಲ್ಲಿರುವಾಗಲೇ ಅವನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳತಕ್ಕದ್ದು. ಎರಡನೆಯದು, ಕಡತಗಳನ್ನು ಬೇರೆಡೆಗೆ ನಕಲು ಮಾಡಿಕೊಂಡು, ರಿಸೆಟ್ ಮಾಡುವಾಗ ಎಲ್ಲವನ್ನೂ ಪೂರ್ಣವಾಗಿ ಅಳಿಸುವ ಆಯ್ಕೆಯನ್ನೇ ಆರಿಸಬೇಕು. ಬರಿದೆ ಡಿಲೀಟ್ ಮಾಡಿದ ಆಧಾರಿನ ಪ್ರತಿಯನ್ನೂ ಪಾಸುಪುಸ್ತಕದ ಚಿತ್ರವನ್ನೂ ಬಲ್ಲವನು ಮತ್ತೆ ಹೊರತೆಗೆಯಬಲ್ಲನು.

ಅಳಿಸಿ ಶುದ್ಧಗೊಳಿಸಿದ ಯಂತ್ರವು ಇನ್ನೂ ನಡೆಯುವಂತಿದ್ದರೆ ಗುಜರಿಯವನು ಕೊಡುವ ಅಲ್ಪ ಹಣಕ್ಕಾಗಿ ಕೈ ಚಾಚುವುದಕ್ಕಿಂತ, ಒಂದು ಎಸ್‌ಎಸ್‌ಡಿ ಹಾಕಿಸಿ, ಲಿನಕ್ಸ್ ಕೂಡಿಸಿ, ಪಕ್ಕದ ಹೋಟೆಲಿನಲ್ಲಿ ದುಡಿಯುತ್ತ ಪರೀಕ್ಷೆಗೆ ಓದುತ್ತಿರುವ ಹುಡುಗನಿಗೆ ಕೊಡುವುದು ಮೇಲು. ನಮ್ಮಲ್ಲಿ ಮುಗಿದ ಅದರ ಕೆಲಸವು ಅವನಲ್ಲಿ ಆರಂಭವಾಗಬಹುದು.